ರೂಮಿನಲ್ಲಿ ಮಲಗಿದ್ದಾರೆ

ಫೆಬ್ರವರಿ ೩, ಸೋಮವಾರ

ಅಂತೂ ಹಡಗು ಹತ್ತಿದೆವು. ಹತ್ತಿದೆವು ಎಂದು ಬರೆದುಬಿಟ್ಟೆ. ಇರಲಿ, ಹೊಡೆದುಹಾಕಿದರೆ ಮೊದಲ ಪುಟವೇ ಗಲೀಜು.

ರೂಮು ಚಿಕ್ಕದಾದರೂ ಅಚ್ಚುಕಟ್ಟಾಗಿದೆ. ಗೋಡೆಗೆ ಮಡಚಿಡುವ ಮೇಜು, ಮುಚ್ಚಿದರೆ ಗೋಡೆಯೇ ಆಗಿಬಿಡುವ ಬೀರು, ತೆರೆಯಲು ಬಾರದ ದುಂಡನೆಯ ಕಿಟಕಿ. ಎರಡು ಮಂಚ ಸೇರಿಸಿ ಒಂದು ಮಾಡಿದ್ದಾರೆ. ಎರಡು ದಿಂಬು, ಎರಡು ಟವೆಲು, ಎರಡು ಜೊತೆ ಬಿಳಿ ಚಪ್ಪಲಿ. ರೂಮು ನೋಡಿಕೊಳ್ಳುವ ಹೆಂಗಸಿಗೆ ನಲವತ್ತು ದಾಟಿರಬಹುದು. ಕೈಯಲ್ಲಿದ್ದ ಚೀಟಿ ನೋಡಿ, "ಒಬ್ಬರೇ ಅಂತ ಇದೆಯಲ್ಲ ಮೇಡಂ, ಒಂದು ಮಂಚ ತೆಗೆಸ್ಲಾ? ಓಡಾಡೋಕೆ ಜಾಗ ಆಗುತ್ತೆ" ಅಂದಳು.

"ಬೇಡ, ಇರ್ಲಿ ಬಿಡಿ."

"ಚಪ್ಪಲಿ?"

"ಅದೂ ಇರ್ಲಿ."

ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹೆಂಗಸರಿಗೆ ಕಾರು ಕಲಿಸಿದವಳು. ಕಲಿಯುವವರ ಪಕ್ಕ ಕೂತು, ನನ್ನ ಕಾಲ ಬುಡದಲ್ಲಿರುವ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಅರ್ಧ ಆಯುಷ್ಯ ಕಳೆದಿದ್ದೇನೆ. ಹಡಗು ದಡ ಬಿಟ್ಟಾಗ ಬಲಗಾಲು ತಾನಾಗಿಯೇ ನೆಲ ಒತ್ತಿತು. ಏನೂ ನಿಲ್ಲಲಿಲ್ಲ.

ಈ ಪ್ರಯಾಣ ನಮ್ಮನೆಯವರ ಆಸೆ. ನಿವೃತ್ತಿಯ ನಂತರ ಹೋಗೋಣ ಎಂದು ಅವರೇ ಟಿಕೆಟು ಮಾಡಿಸಿದ್ದರು. ನಿವೃತ್ತರೂ ಆದರು. ಆಮೇಲೆ ಒಂದು ಬೆಳಿಗ್ಗೆ ಟೀ ಕುಡಿಯುತ್ತಾ, "ನಂಗೆ ಇನ್ನು ಒಬ್ಬನೇ ಇರ್ಬೇಕು ಅನ್ಸ್ತಿದೆ. ಜಗಳ ಇಲ್ಲ, ಕೋಪ ಇಲ್ಲ, ಇನ್ಯಾರೂ ಇಲ್ಲ. ಸುಮ್ನೆ, ಒಬ್ಬನೇ" ಅಂದರು. ನಾನು ಬಿಸ್ಕತ್ತಿನ ಡಬ್ಬಿಗೆ ಮುಚ್ಚಳ ಹಾಕಿದೆ. ಅದೊಂದು ನೆನಪಿದೆ. ಆ ವಾರವೇ ಊರಿನ ಆಚೆ ತುದಿಯಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದು ಹೋದರು. "ಹಡಗಿಗೆ ನೀನು ಹೋಗ್ಬಾ. ಮಗಳಿಗೆ ನಿಂಗೆ ಯಾವಾಗ ಸರಿ ಅನ್ಸುತ್ತೋ ಆಗ ಹೇಳು. ಅಲ್ಲೀವರೆಗೆ ಅವಳ ಫೋನ್ ನಾನು ಎತ್ತಲ್ಲ."

ನನಗೆ ಇನ್ನೂ ಸರಿ ಅನಿಸಿಲ್ಲ. ಮಗಳ ಪಾಲಿಗೆ ನಾವಿಬ್ಬರೂ ಈಗ ಸಮುದ್ರದ ಮೇಲಿದ್ದೇವೆ. ಅಕ್ಕಪಕ್ಕದ ಮನೆಯವರ ಪಾಲಿಗೂ ಅಷ್ಟೇ.

ಫೆಬ್ರವರಿ ೪, ಮಂಗಳವಾರ

ಇವತ್ತು ಒಂದು ಎಡವಟ್ಟಾಯಿತು.

ಊಟಕ್ಕೆ ಪ್ರತಿಯೊಬ್ಬರಿಗೂ ಒಂದು ಮೇಜು ಗೊತ್ತು ಮಾಡಿದ್ದಾರೆ. ಪ್ರಯಾಣ ಮುಗಿಯುವವರೆಗೂ ಅದೇ ಮೇಜು, ಅದೇ ಮುಖಗಳು. ನನ್ನ ಮೇಜಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗಂಡ ಹೆಂಡತಿ ಇದ್ದಾರೆ. ಗಂಡ ಬಾಯಿ ತೆರೆಯುವುದು ತಿನ್ನಲು ಮಾತ್ರ. ಹೆಂಡತಿ ಕಂಡವರನ್ನೆಲ್ಲ "ಚಿನ್ನ, ಚಿನ್ನ" ಅನ್ನುತ್ತಾಳೆ. ಅವಳಿಗೆ ನಾನು ಚಿನ್ನದಂಗಡಿ ಎಂದು ಹೆಸರಿಟ್ಟಿದ್ದೇನೆ. ಇನ್ನೊಬ್ಬರು ಹಲ್ಲಿನ ಡಾಕ್ಟರು. ಎಪ್ಪತ್ತು ದಾಟಿದ ಮನುಷ್ಯ, ಒಂದು ಮಂಡಿ ಸ್ವಲ್ಪ ಎಳೆಯುತ್ತದೆ. ನಮಸ್ಕಾರ ಅಂದರೆ ಮುಖ ನೋಡದೆ ಹಲ್ಲು ನೋಡಿದರು.

"ನಿದ್ದೇಲಿ ಹಲ್ಲು ಕಡೀತೀರಾ?"

"ಗೊತ್ತಿಲ್ಲ."

"ಕಡೀತೀರಾ. ಸವೆದಿದೆ."

ಚಿನ್ನದಂಗಡಿ ಅವರನ್ನು ನಿಮ್ಮ ಮನೆಯವರೆಲ್ಲಿ ಎಂದು ಕೇಳಿದ್ದಕ್ಕೆ, "ಮದುವೆ ಆಗ್ಲಿಲ್ಲ. ಕೆಲಸದ ಗಡಿಬಿಡೀಲಿ ಮರೆತುಹೋಯ್ತು" ಅಂದು ರೊಟ್ಟಿ ಮುರಿದರು. ಅಷ್ಟರಲ್ಲಿ ಬಡಿಸುವವನು ಬಂದು ನನ್ನ ಪಕ್ಕದ ಖಾಲಿ ಕುರ್ಚಿಗೆ ಕೈಹಾಕಿ, "ಇದು ತೆಗೀಲಾ?" ಅಂದ.

"ಬೇಡ! ನಮ್ಮನೆಯವರಿಗೆ ಸ್ವಲ್ಪ ಹುಷಾರಿಲ್ಲ. ರೂಮಲ್ಲಿ ಮಲಗಿದ್ದಾರೆ."

ಬಾಯಿಂದ ಜಾರಿಯೇ ಬಿಟ್ಟಿತು. ಜಾರಿದ ಮಾತನ್ನು ಹಿಡಿದು ಒಳಗೆ ಹಾಕಿಕೊಳ್ಳುವಷ್ಟರಲ್ಲಿ ಚಿನ್ನದಂಗಡಿ ಒಂದು ತಟ್ಟೆಯಲ್ಲಿ ಅನ್ನ, ಮೀನು, ಬೇಯಿಸಿದ ತರಕಾರಿ ಎಲ್ಲ ಹಾಕಿಸಿ ನನ್ನ ಕೈಗೆ ಕೊಟ್ಟಾಗಿತ್ತು. "ಪಾಪ, ಹಸ್ಕೊಂಡಿರ್ತಾರೆ ಚಿನ್ನ, ಮೊದ್ಲು ಕೊಟ್ಟು ಬಾ."

ತಟ್ಟೆ ಈಗ ರೂಮಿನಲ್ಲಿ, ಅವರು ಮಲಗಬೇಕಿದ್ದ ಕಡೆ, ಮೇಜಿನ ಮೇಲಿದೆ. ಅವರು ಮೀನು ತಿನ್ನುವುದಿಲ್ಲ.

ಫೆಬ್ರವರಿ ೬, ಗುರುವಾರ

ನೀರು. ನೀರು. ಆಮೇಲೆ ಸ್ವಲ್ಪ ನೀರು.

ಹುಷಾರಿಲ್ಲ ಅಂದಮೇಲೆ ಏನು ಕಾಯಿಲೆ ಎಂದೂ ಹೇಳಬೇಕಲ್ಲ. ಸಮುದ್ರ ಹಿಡಿಸುತ್ತಿಲ್ಲ ಎಂದೆ, ತಲೆ ಸುತ್ತು, ವಾಂತಿ. ಎಲ್ಲರೂ ತಲೆದೂಗಿದರು. ಗಂಡನಿಗೆ ವಾಂತಿಯಾದರೆ ಲೋಕಕ್ಕೆಲ್ಲ ಎಷ್ಟು ಕರುಣೆ!

ಫೆಬ್ರವರಿ ೯, ಭಾನುವಾರ

ಮೊದಲ ಬಂದರು. ಮೆಟ್ಟಿಲುಗಳ ಊರು. ಬೀದಿ ಎಂದರೆ ಮೆಟ್ಟಿಲೇ. ಮನೆಯಿಂದ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ತಲೆಯ ಮೇಲೆ ಊರಿಗೂರೇ ಅಂಗಿ, ಲಂಗ, ಹಾಸಿಗೆ ಹೊದಿಕೆ ಹಾರಾಡುತ್ತಿದ್ದವು. ಮೇಲೆ ಹತ್ತಿ ನಿಂತರೆ ನಮ್ಮ ಹಡಗು ಮಕ್ಕಳ ಆಟದ ಸಾಮಾನಿನ ಹಾಗೆ ಕಾಣಿಸಿತು. "ನೋಡ್ರೀ" ಅಂದೆ, ಜೋರಾಗಿಯೇ. ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಮುದುಕಿ ಏನು ಎಂಬಂತೆ ತಿರುಗಿ ನೋಡಿದಳು. ಕೈಯಲ್ಲಿ ಫೋನಿತ್ತು, ಅದರಲ್ಲಿ ಮಾತಾಡಿದ ಹಾಗೆ ಮಾಡಿದೆ.

ಚರ್ಮದ ಚಪ್ಪಲಿ ಅಂಗಡಿಯಲ್ಲಿ ಅವರ ಅಳತೆಯದೊಂದು ಜೊತೆ ತೆಗೆದುಕೊಂಡೆವು. ಕಂದು ಬಣ್ಣದ್ದು.

ಬಂದರಿನಲ್ಲಿ ಮಾತ್ರ ಫೋನು ಸರಿಯಾಗಿ ಸಿಗುತ್ತದೆ. ಮಗಳು ಎತ್ತಿದವಳೇ, "ಅಪ್ಪ ಎಲ್ಲಿ? ಒಂದು ಫೋಟೋನೂ ಇಲ್ವಲ್ಲಮ್ಮ" ಅಂದಳು.

"ಅಪ್ಪ ಇಲ್ಲೇ ಎಲ್ಲೋ ನಕ್ಷೆ ನೋಡ್ತಾ ನಿಂತಿದ್ದಾರೆ. ನಿಂಗೆ ಗೊತ್ತಲ್ಲ ಅವರ ಬುದ್ಧಿ."

ಅವಳು ನಕ್ಕಳು. ಜೀವನವಿಡೀ ಸರ್ವೆ ಇಲಾಖೆಯಲ್ಲಿ ನಕ್ಷೆ ಬಿಡಿಸಿದವರು ಊರು ನೋಡದೆ ನಕ್ಷೆ ನೋಡುತ್ತಾರೆಂದು ಯಾರಾದರೂ ನಂಬುತ್ತಾರೆ.

ಫೆಬ್ರವರಿ ೧೧, ಮಂಗಳವಾರ

ಸಂಜೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಹಲ್ಲಿನ ಡಾಕ್ಟರು, ಕೈಯಲ್ಲಿ ಮಾತ್ರೆಯ ಪಟ್ಟಿ.

"ನಾನು ಹಲ್ಲಿನವನಾದ್ರೂ ವಾಂತಿ ಮಾತ್ರೆ ಗೊತ್ತು. ಒಂದ್ಸಲ ಅವರ ನಾಡಿ ನೋಡ್ಲಾ?"

ಬಾಗಿಲನ್ನು ಒಂದು ಗೇಣಷ್ಟೇ ಹಿಡಿದುಕೊಂಡಿದ್ದೆ. "ಈಗ ತಾನೇ ನಿದ್ದೆ ಹತ್ತಿತು" ಎಂದೆ ಪಿಸುಮಾತಿನಲ್ಲಿ. ಅಷ್ಟಕ್ಕೇ ಬಿಡಬಾರದೇ? ಹಿಂದೆ ತಿರುಗಿ ಖಾಲಿ ರೂಮಿಗೆ, "ಯಾರೂ ಇಲ್ಲರೀ, ಡಾಕ್ಟ್ರು. ನೀವು ಮಲಕ್ಕೊಳ್ಳಿ" ಅಂದೆ.

ಅವರು ಕೂಡಲೇ ದನಿ ತಗ್ಗಿಸಿ, ಬರಿಗಾಲಿನಲ್ಲಿ ನಡೆಯುವವರ ಹಾಗೆ ತುದಿಬೆರಳ ಮೇಲೆ ಹೆಜ್ಜೆ ಇಡುತ್ತಾ ಹೋದರು, ಎಳೆಯುವ ಆ ಮಂಡಿ ಇಟ್ಟುಕೊಂಡು. ಬಾಗಿಲು ಹಾಕಿ ಬಹಳ ನಕ್ಕೆ. ನಗು ಮುಗಿದ ಮೇಲೆ ರೂಮು ಎಷ್ಟು ನಿಶ್ಶಬ್ದವಾಗಿತ್ತು ಎಂದರೆ ನೀರಿನ ನಲ್ಲಿ ತಿರುಗಿಸಿಟ್ಟೆ.

ಫೆಬ್ರವರಿ ೧೩, ಗುರುವಾರ

ರೂಮಿನ ಹೆಂಗಸು ದಿನಾ ಬೆಳಿಗ್ಗೆ ಒಣಗಿದ ತಟ್ಟೆ ಎತ್ತಿಕೊಂಡು ಹೋಗುತ್ತಾಳೆ. ಒಂದು ಮಾತು ಕೇಳಿದವಳಲ್ಲ. ಇವತ್ತು ಮಧ್ಯಾಹ್ನ ನಾನು ತಟ್ಟೆ ತಂದಿಡುವಾಗ ಟವೆಲು ಮಡಚುತ್ತಿದ್ದವಳು, "ಮೇಡಂ, ತಪ್ಪು ತಿಳ್ಕೋಬೇಡಿ. ಬಿಸಿ ಇದೆ. ನಾನು ತಿನ್ಲಾ?" ಅಂದಳು.

"ತಿನ್ನಿ, ತಿನ್ನಿ."

"ನಮಗೆ ಪ್ರಯಾಣಿಕರ ಊಟ ಮುಟ್ಟೋ ಹಾಗಿಲ್ಲ. ಬಾಗ್ಲು ಹಾಕ್ತೀರಾ?"

ಹಾಕಿದೆ. ಗೋಡೆಗೆ ಒರಗಿ ನಿಂತೇ ತಿಂದಳು. ಮೀನಿನ ಮುಳ್ಳನ್ನು ಸಾಲಾಗಿ ತಟ್ಟೆಯ ಅಂಚಿಗೆ ಇಟ್ಟಳು. ಅವಳ ಮಕ್ಕಳು ಅವಳ ಅಮ್ಮನ ಹತ್ತಿರ ಬೆಳೆಯುತ್ತಿದ್ದಾರಂತೆ. ಹಡಗಿನಲ್ಲಿ ಸಾವಿರ ಜನ ಇದ್ದರೂ ಯಾರ ಜೊತೆಯೂ ಕೂತು ತಿನ್ನುವ ಹೊತ್ತಿಲ್ಲ ಅಂದಳು.

"ನಿಮ್ಮನೆಯವರಿಗೆ ಥ್ಯಾಂಕ್ಸ್ ಹೇಳಿ ಮೇಡಂ" ಎಂದು ಹೊರಟಳು. ಅವಳು ನಗಲಿಲ್ಲ. ನಾನೂ ನಗಲಿಲ್ಲ.

ಫೆಬ್ರವರಿ ೧೬, ಭಾನುವಾರ

ಎರಡನೇ ಬಂದರು. ಮಂಜು. ಊರು ಕಾಣಲೇ ಇಲ್ಲ, ಗಂಟೆಯ ಸದ್ದು ಮಾತ್ರ.

ಅವರಿಗೆ ಫೋನು ಮಾಡಿದೆ. ಎತ್ತಿದರು. ಹಿಂದೆ ರೇಡಿಯೋ ಹಾಡುತ್ತಿತ್ತು. ಮನೆಯಲ್ಲಿ ರೇಡಿಯೋ ಹಾಕಿದರೆ ತಲೆನೋವು ಅನ್ನುತ್ತಿದ್ದವರು. ಆರೋಗ್ಯವೇ ಎಂದರು, ಆರೋಗ್ಯ ಎಂದೆ. ಮಳೆಯೇ ಎಂದರು, ಮಂಜು ಎಂದೆ.

ಫೆಬ್ರವರಿ ೨೦, ಗುರುವಾರ

ಮೂರನೇ ಬಂದರು. ಹಡಗಿನಿಂದ ಇಳಿಯುವಾಗ ಡಾಕ್ಟರು ಹಿಂದೆ ಬಂದರು. "ನಿಮ್ಮನೆಯವರು ಹೇಗೂ ಮಲಗಿದ್ದಾರೆ. ನಾನೂ ಒಬ್ಬನೇ ಹೊರಟಿದೀನಿ. ಬನ್ನಿ, ಆದರೆ ನಾನು ನಿಧಾನ. ನೀವು ನಂಗೋಸ್ಕರ ನಿಲ್ಲಬೇಡಿ, ನಾನೂ ನಿಮಗೋಸ್ಕರ ಓಡಲ್ಲ."

ಇದಕ್ಕಿಂತ ಒಳ್ಳೆಯ ಒಪ್ಪಂದ ನಾನು ಕೇಳಿಲ್ಲ.

ಗಡಿಯಾರ ರಿಪೇರಿಯವರದೇ ಒಂದು ಬೀದಿ ಇತ್ತು. ಒಂದೊಂದು ಅಂಗಡಿಯಲ್ಲೂ ಒಂದೊಂದು ಹೊತ್ತು. ಡಾಕ್ಟರು ಒಬ್ಬ ರಿಪೇರಿಯವನ ಚಿಮುಟ ಕಂಡು, "ನಂದೂ ಇಂಥದೇ ಇತ್ತು, ಇನ್ನೊಂದು ಚೂರು ಬಗ್ಗಿದ್ದು" ಎಂದು ಅಲ್ಲೇ ಕೂತುಬಿಟ್ಟರು. ಇಬ್ಬರೂ ಸಣ್ಣ ಉಪಕರಣಗಳ ಬಗ್ಗೆ ಮಾತಾಡುತ್ತಾ ಲೋಕ ಮರೆತರು. ನಾನು ಮುಂದೆ ಹೋದೆ. ಮೀನಿನ ಬಲೆ ಹೊಲಿಯುವವರನ್ನು ನೋಡಿದೆ. ಒಂದು ಓಣಿಯಲ್ಲಿ ಒಬ್ಬ ಹುಡುಗಿ ಕಾರು ಹಿಂದಕ್ಕೆ ತೆಗೆಯಲಾರದೆ ಒದ್ದಾಡುತ್ತಿದ್ದಳು. ತಡೆಯಲಾಗಲಿಲ್ಲ. "ಸ್ಟೇರಿಂಗ್ ಪೂರ್ತಿ ಎಡಕ್ಕೆ! ಕ್ಲಚ್ ಬಿಡ್ಬೇಡ, ಬಿಡ್ಬೇಡ, ಹಾಂ, ಈಗ ಬಿಡು" ಎಂದು ನಿಂತಲ್ಲಿಂದಲೇ ಕೂಗಿದೆ. ತೆಗೆದಳು. ಇಡೀ ಓಣಿ ಚಪ್ಪಾಳೆ ತಟ್ಟಿತು.

ಸಮುದ್ರದ ಗೋಡೆಯ ಮೇಲೆ ಕೂತು ಇಬ್ಬರೂ ರೊಟ್ಟಿ, ಮೊಟ್ಟೆ ತಿಂದೆವು. ಕಿಟಕಿ ಅಂಚಿನಲ್ಲಿ ಮಲಗಿದ ಬೆಕ್ಕು, ಬಾಗಿಲಿಗೆ ಬಳಿದ ಹಸಿರು ಬಣ್ಣ, ಯಾವುದನ್ನೂ ಯಾರಿಗೂ ತೋರಿಸದೆ ನೋಡಿದೆ.

"ನಿಮಗೆ ಬೇಜಾರಾಗಲ್ವಾ, ಒಬ್ಬರೇ?" ಎಂದು ಕೇಳಿದೆ.

"ಆಗುತ್ತೆ. ಆಗ ಬೇಜಾರಾಗ್ತಿದೆ ಅನ್ಕೋತೀನಿ. ಆಮೇಲೆ ಹಸಿವಾಗುತ್ತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮನೆಯವರು ಚದುರಂಗ ಆಡ್ತಾರಾ?"

"ಆಡ್ತಾರೆ. ಚೆನ್ನಾಗಿ ಆಡ್ತಾರೆ."

"ಹುಷಾರಾಗ್ಲಿ, ಒಂದು ಕೈ ನೋಡೋಣ." ಅವರ ಮುಖ ಹಿಗ್ಗಿದ್ದು ಕಂಡು ಕೈಯಲ್ಲಿದ್ದ ಮೊಟ್ಟೆಯನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟೆ.

ಮಗಳಿಗೆ ಇವತ್ತು ಫೋನು ಮಾಡಲಿಲ್ಲ.

ಫೆಬ್ರವರಿ ೨೩, ಭಾನುವಾರ

ರೂಮಿನಲ್ಲಿ ಮಲಗಿರುವವರು ಚದುರಂಗ ಆಡುತ್ತಾರೆ, ಮೀನು ತಿನ್ನುತ್ತಾರೆ, ನನ್ನ ಡ್ರೈವಿಂಗ್ ಶಾಲೆಯ ಮೊದಲ ಕಾರಿಗೆ ಕೈಯಾರೆ ಬಣ್ಣ ಬಳಿದಿದ್ದಾರೆ. ಮೇಜಿನಲ್ಲಿ ನಾನು ಹೇಳುತ್ತಾ ಹೋದ ಹಾಗೆ ಇವರು ಯಾರೋ ಒಳ್ಳೆಯ ಮನುಷ್ಯ ಇರಬೇಕು ಎಂದು ನನಗೇ ಅನಿಸತೊಡಗಿದೆ. ನನ್ನನ್ನು ಬಿಟ್ಟುಹೋದವರಿಗೂ ಇವರಿಗೂ ಮೂಗಿನ ಹೋಲಿಕೆ ಬಿಟ್ಟರೆ ಇನ್ನೇನೂ ಇಲ್ಲ.

ಊಟದ ಮೇಜಿನಿಂದ ಹಾಗೇ ಎದ್ದು ಬಂದುಬಿಟ್ಟೆ. ಬಡಿಸುವವನು ತಟ್ಟೆ ಹಿಡಿದು ಹಿಂದೆ ಓಡಿ ಬಂದ. "ಮೇಡಂ, ಸಾಹೇಬರದು ಮರ್ತೇಬಿಟ್ರಿ!"

ರೂಮಿನ ಹೆಂಗಸಿಗೆ ನಿರಾಸೆ ಆಗುತ್ತಿತ್ತು. ಸದ್ಯ ಓಡಿಬಂದ.

ಫೆಬ್ರವರಿ ೨೬, ಬುಧವಾರ

ನಿನ್ನೆ ಬರೆಯಲು ಆಗಲಿಲ್ಲ.

ನಿನ್ನೆ ಮಧ್ಯಾಹ್ನ, ಊಟ ಮುಗಿದು ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ ಸೈರನ್ನು ಮೊಳಗಿತು. ಬಟ್ಟೆ ಒಗೆಯುವ ವಿಭಾಗಕ್ಕೆ ಬೆಂಕಿ ಬಿದ್ದಿತ್ತು. ಅದು ನನ್ನ ರೂಮಿರುವ ಅಂತಸ್ತಿನ ಕೆಳಗೇ. ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟು ಸಿಕ್ಕಿಸಿಕೊಂಡು ಮೇಲಿನ ಡೆಕ್ಕಿಗೆ ಬಂದು ಸಾಲಾಗಿ ನಿಲ್ಲಬೇಕು ಎಂದರು. ನಾನು ಆಗ ಮೇಲೆಯೇ ಇದ್ದೆ. ಮೆಟ್ಟಿಲ ಬಾಗಿಲಿನಿಂದ ಹೊಗೆ ದಪ್ಪ ದಪ್ಪಗೆ ಬರುತ್ತಿತ್ತು. ಮಕ್ಕಳು ಅಳುತ್ತಿದ್ದವು.

ಚಿನ್ನದಂಗಡಿ ನನ್ನ ತೋಳು ಹಿಡಿದು ಕೂಗಿದಳು, "ನಿಮ್ಮನೆಯವರು! ಅವರೆಲ್ಲಿ?"

ಬಾಯಿ ತೆರೆದೆ. ಇಲ್ಲ ಅನ್ನುವ ಎರಡಕ್ಷರ ಸಾಕಾಗಿತ್ತು. ನಾನು ಅಂದದ್ದು, "ಬರ್ತಾರೆ."

"ಬರ್ತಾರೆ ಅಂದ್ರೆ? ಎದ್ದು ಓಡಾಡೋಕೇ ಆಗಲ್ಲ ಅಂತಿದ್ರಲ್ಲ!"

ಡಾಕ್ಟರು ಏನೂ ಕೇಳಲಿಲ್ಲ. ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ತಿರುಗಿದರು. ಅವರು ಎಲ್ಲಿಗೆ ಹೊರಟರೆಂದು ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಇಲ್ಲಿ ಬರೆದುಕೊಂಡು ಏನು ಪ್ರಯೋಜನ? "ಡಾಕ್ಟ್ರೇ, ಬೇಡ" ಎಂದೆ. ಸೈರನ್ನಿನ ಅಬ್ಬರದಲ್ಲಿ ಆ ದನಿ ನನಗೇ ಕೇಳಲಿಲ್ಲ. ಅವರ ಹಿಂದೆ ಓಡಿದೆ. ಸಿಬ್ಬಂದಿಯವನೊಬ್ಬ ಅಡ್ಡ ನಿಂತು ಹಿಡಿದುಕೊಂಡ.

"ಬಿಡಿ, ಅವರು ನಮ್ಮ ರೂಮಿಗೆ ಹೋಗಿದ್ದಾರೆ!"

"ರೂಮಲ್ಲಿ ಯಾರಿದ್ದಾರೆ?"

ಆಗಲೂ ನನ್ನ ನಾಲಿಗೆ ಏಳಲಿಲ್ಲ. ರೂಮಿನ ಹೆಂಗಸೇ ಸಾಲಿನಿಂದ ಮುಂದೆ ಬಂದು, "ಯಾರೂ ಇಲ್ಲ ಸಾರ್. ಆ ರೂಮಲ್ಲಿ ಇವರೊಬ್ಬರೇ" ಅಂದಳು. ಚಿನ್ನದಂಗಡಿಯ ಕೈ ನನ್ನ ತೋಳಿನಿಂದ ಕಳಚಿ ಬಿತ್ತು.

ಡಾಕ್ಟರು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರಂತೆ. ಹೊತ್ತು ತಂದಾಗ ಮುಖವೆಲ್ಲ ಮಸಿ, ಎಡಗಾಲು ನೋಡಬಾರದ ರೀತಿಯಲ್ಲಿ ತಿರುಗಿತ್ತು. ಸೊಂಟದ ಹತ್ತಿರ ಮೂಳೆ ಮುರಿದಿದೆ. ಬೆಂಕಿ ಸಂಜೆಯೊಳಗೆ ಆರಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಇವತ್ತು ಊಟದ ಮೇಜಿಗೆ ಹೋದೆ. ಪಕ್ಕದ ಖಾಲಿ ಕುರ್ಚಿ ತೆಗೆದುಬಿಟ್ಟಿದ್ದರು.

ಫೆಬ್ರವರಿ ೨೭, ಗುರುವಾರ

ಹಡಗಿನ ಆಸ್ಪತ್ರೆಗೆ ಹೋದೆ. ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದೆ, ಆಮೇಲೆ ಹೋದೆ.

ಡಾಕ್ಟರು ಎಚ್ಚರವಾಗಿದ್ದರು. ನನ್ನನ್ನು ಕಂಡದ್ದೇ ಕೈ ಮುಗಿದರು. ಅವರು, ನನಗೆ!

"ಕ್ಷಮಿಸಿಬಿಡಿಯಮ್ಮ. ಬಾಗಿಲು ತಟ್ಟಿದೆ. ಭುಜ ಕೊಟ್ಟು ನೂಕಿದೆ. ಒಳಗೆ ಕೆಮ್ಮಿದ ಹಾಗೂ ಕೇಳಿಸ್ತು. ಆದ್ರೆ ಉಸಿರು ಕಟ್ತು, ಬಿಟ್ಟು ಓಡಿಬಂದೆ. ಇವರೆಲ್ಲ ಯಾರಿಗೂ ಏನೂ ಆಗಿಲ್ಲ ಅಂತಾರೆ. ನನ್ನ ಸಮಾಧಾನಕ್ಕೆ ಹೇಳ್ತಿದ್ದಾರೆ, ನಂಗೆ ಗೊತ್ತು. ನೀವು ನಿಜ ಹೇಳಿ."

ಹೇಳಿದೆ. ಮಂಚದ ಕಬ್ಬಿಣ ಹಿಡಿದುಕೊಂಡು, ಟೀ ಕುಡಿಯುತ್ತಾ ನಮ್ಮನೆಯವರು ಹೇಳಿದ ಮಾತಿನಿಂದ ಹಿಡಿದು ಎಲ್ಲ ಹೇಳಿದೆ. ಇಷ್ಟು ದಿನ ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ಹಾಗಾದ್ರೆ ಒಳಗೆ ಯಾರೂ ಇರ್ಲಿಲ್ಲ?"

"ಇರ್ಲಿಲ್ಲ."

"ಕೆಮ್ಮಿದ್ದು?"

"ನಿಮ್ದೇ ಇರ್ಬೇಕು."

"ಯಾರೂ ಸತ್ತಿಲ್ಲ."

"ಇಲ್ಲ ಡಾಕ್ಟ್ರೇ."

ಕಣ್ಣು ಮುಚ್ಚಿದರು. ಮಲಗಿದ್ದರಿಂದ ಕಣ್ಣೀರು ಕಿವಿಯ ಕಡೆಗೆ ಹರಿಯಿತು. ಒರೆಸಲು ಕೈ ಚಾಚಿದೆ, ಅವರು ಮುಖ ತಿರುಗಿಸಿದರು.

"ಎರಡು ದಿನ. ಎರಡು ದಿನದಿಂದ ಒಬ್ಬ ಮನುಷ್ಯನ್ನ ಸಾಯೋಕೆ ಬಿಟ್ಟು ಬಂದೆ ಅಂತ..." ಆಮೇಲೆ ಬಹಳ ಮೆಲ್ಲಗೆ, "ನೀವು ಈಗ ಹೋಗಿ."

ಬಂದೆ.

ಮಾರ್ಚ್ ೧, ಶನಿವಾರ

ನಾಲ್ಕನೇ ಬಂದರು. ಡಾಕ್ಟರನ್ನು ಇಲ್ಲಿನ ಆಸ್ಪತ್ರೆಗೆ ಇಳಿಸಬೇಕು, ಶಸ್ತ್ರಚಿಕಿತ್ಸೆ ಹಡಗಿನಲ್ಲಿ ಸಾಧ್ಯವಿಲ್ಲ ಎಂದು ಹಡಗಿನ ವೈದ್ಯರು ಹೇಳಿದರು. ಅವರ ಅಣ್ಣನ ಮಗಳು ಹೊರಟಿದ್ದಾಳೆ, ಬರಲು ನಾಲ್ಕೈದು ದಿನವಾಗುತ್ತದೆ. ಅಲ್ಲಿಯವರೆಗೆ? ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ ಎಂದರು.

ರೂಮಿಗೆ ಬಂದು ಬಟ್ಟೆ ತುಂಬಿದೆ. ರೂಮಿನ ಹೆಂಗಸು ಮಡಚಿಕೊಟ್ಟಳು. ಕಂದು ಚಪ್ಪಲಿ ಅವಳ ತಮ್ಮನಿಗೆ ಸರಿಹೋಗುತ್ತದಂತೆ, ಕೊಟ್ಟೆ. ಇಳಿಯುವ ಬಾಗಿಲಲ್ಲಿ ಚಿನ್ನದಂಗಡಿ ನಿಂತಿದ್ದಳು. ಮುಖ ಇನ್ನೂ ಬಿಗಿದೇ ಇತ್ತು. ಕಾಗದದ ಪೊಟ್ಟಣವೊಂದನ್ನು ಚೀಲಕ್ಕೆ ತುರುಕಿ, "ದಾರಿಗೆ. ಈ ಸಲ ಒಬ್ಬರಿಗೇ ಕಟ್ಟಿಸಿದೀನಿ" ಅಂದಳು. ಚಿನ್ನ ಅನ್ನಲಿಲ್ಲ.

ಆಂಬುಲೆನ್ಸಿನಲ್ಲಿ ನಾನು ಹತ್ತಿ ಕೂತಾಗ ಡಾಕ್ಟರು ಚಾವಣಿ ನೋಡುತ್ತಿದ್ದರು. ಆಸ್ಪತ್ರೆಯ ಕೌಂಟರಿನಲ್ಲಿ ನರ್ಸು, "ಜೊತೆಗೆ ಯಾರಿದ್ದಾರೆ?" ಎಂದು ಕೇಳಿದಳು.

"ಯಾರೂ ಇಲ್ಲ" ಅಂದರು ಅವರು.

"ನಾನಿದ್ದೀನಿ" ಎಂದೆ.

"ಇವರ ಮಾತು ನಂಬಬೇಡಿ, ಸುಳ್ಳು ಹೇಳ್ತಾರೆ."

ನರ್ಸು ಇಬ್ಬರ ಮುಖವನ್ನೂ ನೋಡಿದಳು. ನಾನು ಬೆಂಚಿನ ಮೇಲೆ ಕೂತೆ. ಎಬ್ಬಿಸಿ ಕಳಿಸುವವರು ಯಾರೂ ಬರಲಿಲ್ಲ.

ಸಂಜೆ ಮೂರನೇ ಮಹಡಿಯ ಕಿಟಕಿಯಿಂದ ಹಡಗು ಹೊರಡುವುದು ಕಂಡಿತು. ದೀಪಗಳೆಲ್ಲ ಹೊತ್ತಿದ್ದವು. ಊಟದ ಹೊತ್ತು.

ಮಾರ್ಚ್ ೨, ಭಾನುವಾರ

ಚಿಕಿತ್ಸೆ ಚೆನ್ನಾಗಿ ಆಯಿತು. ಎಚ್ಚರವಾದ ಮೇಲೆ ಅವರ ಮೊದಲ ಮಾತು, "ಹಡಗು?"

"ಹೋಯ್ತು."

"ನೀವು ಹೋಗ್ಲಿಲ್ವಾ?"

"ಇಲ್ಲ."

ಬಹಳ ಹೊತ್ತು ಯೋಚಿಸಿ, "ನೀರು ಕೊಡಿ" ಅಂದರು.

ಅವರು ನಿದ್ದೆಹೋದ ಮೇಲೆ ಕಾರಿಡಾರಿನಲ್ಲಿ ನಿಂತು ಮಗಳಿಗೆ ಫೋನು ಮಾಡಿದೆ.

"ಅಪ್ಪ ನನ್ನ ಜೊತೆ ಇಲ್ಲ ಕಣೇ. ಹಡಗಿಗೆ ಬಂದೇ ಇಲ್ಲ. ಮನೆ ಬಿಟ್ಟು ಹೋಗಿ ತಿಂಗಳ ಮೇಲಾಯ್ತು. ಬೇರೆ ಇದ್ದಾರೆ."

ಕೂಗಾಡಿದಳು. "ನಕ್ಷೆ ನೋಡ್ತಿದ್ದಾರೆ ಅಂದ್ಯಲ್ಲಮ್ಮ! ನಾನು ನಕ್ಕೆನಲ್ಲ! ಇಬ್ಬರೂ ಸೇರ್ಕೊಂಡು ನಂಗೆ ನಾಟಕ ಆಡಿದ್ರಾ? ನಾನೇನು ಎಳೇ ಮಗುನಾ?" ಫೋನು ಕತ್ತರಿಸಿದಳು.

ಅವಳ ಅಪ್ಪನಿಗೂ ಮಾಡಿದೆ. "ಮಗಳಿಗೆ ಹೇಳಿದೀನಿ. ಇನ್ಮೇಲೆ ಅವಳ ಫೋನ್ ಎತ್ತಿ."

"ಸರಿ" ಅಂದರು. ತುಸು ತಡೆದು, "ನೀನು ಹೇಗಿದೀಯ?"

ಹೇಳಲು ಎಷ್ಟೊಂದು ಇತ್ತು. ಆದರೆ ನರ್ಸು ಕೈಬೀಸಿ ಕರೆಯುತ್ತಿದ್ದಳು. "ಇಡ್ತೀನಿ, ಕರೀತಿದ್ದಾರೆ" ಎಂದು ಇಟ್ಟೆ.

ಮಲಗುವ ಮುಂಚೆ ಮಗಳಿಂದ ಸಂದೇಶ ಬಂದಿತ್ತು: ಊಟ ಆಯ್ತಾ.

ಮಾರ್ಚ್ ೫, ಬುಧವಾರ

ಆಸ್ಪತ್ರೆಯ ಹಿಂದಿನ ಬೀದಿಯಲ್ಲೊಂದು ಕೋಣೆ ಹಿಡಿದಿದ್ದೇನೆ. ಮಂಚ ಒಂದು, ಕುರ್ಚಿ ಒಂದು, ಕಿಟಕಿಯ ಕೆಳಗೆ ಸೈಕಲ್ ರಿಪೇರಿ. ಬೆಳಿಗ್ಗೆ ಎದ್ದು ಊರು ಸುತ್ತುತ್ತೇನೆ.

ಹಡಗಿನ ಕಂಪನಿಯವರು ಫೋನು ಮಾಡಿದ್ದರು. ದಂಡೆಯ ರಸ್ತೆಯಲ್ಲಿ ಬಸ್ಸು ಹಿಡಿದರೆ ಮುಂದಿನ ಬಂದರಿನಲ್ಲಿ ಹಡಗು ಸೇರಿಕೊಳ್ಳಬಹುದಂತೆ. ಇಲ್ಲವಾದರೆ ಮನೆಗೆ ಕಳಿಸುತ್ತಾರಂತೆ. ಬಸ್ಸು ಎಂದೆ.

ಡಾಕ್ಟರ ಜೊತೆ ಮಾತು ಹೆಚ್ಚಿಲ್ಲ. ಕ್ಷಮೆ ಕೇಳಿದೆ. "ಅದು ಇನ್ನೂ ನೋಯ್ತಿದೆ. ಕಾಲೂ ನೋಯ್ತಿದೆ. ಯಾವ್ದು ಮೊದ್ಲು ವಾಸಿ ಆಗುತ್ತೋ ನೋಡೋಣ" ಅಂದರು. ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಪತ್ರಿಕೆ ಓದಿ ಹೇಳುತ್ತೇನೆ. ತಪ್ಪು ಓದಿದರೆ ತಿದ್ದುತ್ತಾರೆ.

ಮಧ್ಯಾಹ್ನ ಅವರ ಅಣ್ಣನ ಮಗಳು ಬಂದಳು. ಚೀಲ ಕೆಳಗಿಟ್ಟು, ಚಿಕ್ಕಪ್ಪನ ಹಣೆ ಮುಟ್ಟಿ ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಅಂದಳು.

ಹೇಗೆ ಶುರು ಮಾಡಲಿ ಎಂದು ನಾನು ಯೋಚಿಸುತ್ತಿರುವಾಗ ಡಾಕ್ಟರೇ ಹೇಳಿದರು. "ಹಡಗಲ್ಲಿ ನಮ್ಮ ಮೇಜಿನವರು. ಒಬ್ಬರೇ ಬಂದಿದ್ರು."

"ಹೌದಾ?" ಅಂದಳು ಹುಡುಗಿ. "ಬೇಜಾರಾಗ್ಲಿಲ್ವಾ ಆಂಟಿ?"

"ಆಯ್ತಮ್ಮ" ಎಂದೆ. "ತುಂಬಾ ಆಯ್ತು."

ಅವಳು ಕುರ್ಚಿ ಎಳೆದುಕೊಂಡು ಕೂತು, ಕ್ಯಾಂಟೀನು ಎಲ್ಲಿದೆ ಎಂದು ಕೇಳಿದಳು.

ಮಾರ್ಚ್ ೬, ಗುರುವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಡ್ರೈವರು ತಿರುವಿನಲ್ಲಿ ಗೇರು ಇಳಿಸುವುದೇ ಇಲ್ಲ, ಮಹಾನುಭಾವ. ಬಲಗಡೆ ಉದ್ದಕ್ಕೂ ಸಮುದ್ರ. ಹಡಗಿನ ಮೇಲಿದ್ದಾಗ ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ.

ಮಗಳು ಫೋನು ಮಾಡಿದಳು. ಅಪ್ಪನ ಜೊತೆ ಮಾತಾಡಿದಳಂತೆ. ಏನು ಮಾತು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ನೀನು ಅಲ್ಲೇ ಇಳ್ಕೋ. ರಜ ಹಾಕ್ತೀನಿ, ಬಂದು ಕರ್ಕೊಂಡು ಹೋಗ್ತೀನಿ."

"ಬೇಡ ಕಣೇ. ಹಡಗು ಹಿಡೀಬೇಕು."

"ಒಬ್ಬಳೇ ಏನ್ ಮಾಡ್ತೀಯಾ ಅಲ್ಲಿ?"

"ಗೊತ್ತಿಲ್ಲ. ಇನ್ನೂ ಎರಡು ಊರು ಬಾಕಿ ಇವೆ. ನೋಡ್ಬೇಕು."

ಸೆರಗಿನಿಂದ ಮೂಗು ಒರೆಸಿಕೊಂಡೆ.

"ಅಮ್ಮ, ಅಳ್ತಿದೀಯಾ?"

"ಸ್ವಲ್ಪ."

"ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲ, ಖಾಲಿ."

"ಸರಿ, ಅತ್ತು ಮುಗಿಸಿ ಫೋನ್ ಮಾಡು" ಅಂದಳು.